ಆಲ್ಪ್ಸ್ ಬೆಟ್ಟದ ಹೊಸ ವಿನ್ಯಾಸದ ಹೋಟೆಲುಗಳು: ನಿಮಗೆ ಯಾವುದು ಹಿಡಿಸಿತು, ಯಾಕೆ?

ಕಲ್ಲುಚಪ್ಪಡಿ, ಮ್ಯೂನಿಕ್

ಎಲ್ಲರಿಗೂ ನಮಸ್ಕಾರ.

ರಜೆ ಹತ್ತಿರ ಬಂತು ಅಂದರೆ ಇಲ್ಲಿ ಒಂದೇ ಥರದ ಫೋಟೋಗಳು ಶುರುವಾಗುತ್ತವೆ. ಬೆಟ್ಟದ ಅಂಚಿಗೆ ಈಜುಕೊಳ, ಅದರಾಚೆ ಹಿಮದ ಶಿಖರ. ಕೆಳಗೆ "ಒಂದು ರಾತ್ರಿಗೆ ಎಷ್ಟು?" ಅಂತ ಕಮೆಂಟು. ಕಟ್ಟಡದ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನಾನು ಆರ್ಕಿಟೆಕ್ಟ್. ನನ್ನ ಅಳತೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಕಿಟಕಿಯಿಂದ ಕಾಣುವ ನೋಟಕ್ಕೆ ನಾನು ಅಂಕ ಕೊಡುವುದಿಲ್ಲ. ಅದು ಬೆಟ್ಟದ್ದು, ಹೋಟೆಲು ಇಲ್ಲದಿದ್ದರೂ ಇರುತ್ತಿತ್ತು. ಗೋಡೆಯ ಕಲ್ಲು ಎಲ್ಲಿಂದ ಬಂತು, ಮರ ಯಾವ ಕಾಡಿನದು, ಕಾರಿಲ್ಲದೆ ಅಲ್ಲಿಗೆ ಹೋಗಬಹುದಾ, ದುಡಿದ ದುಡ್ಡು ಆ ಊರಲ್ಲೇ ಉಳಿಯುತ್ತದಾ. ಇಷ್ಟು ನೋಡುತ್ತೇನೆ.

ಈ ಅಳತೆಯಲ್ಲಿ ನನಗೆ ಎಲ್ಲಕ್ಕಿಂತ ಮೇಲೆ ನಿಲ್ಲುವುದು ವಾಲ್ಸ್‌ನ ಸ್ನಾನಗೃಹ. ಸ್ವಿಟ್ಜರ್ಲೆಂಡಿನ ಗ್ರೌಬುಂಡನ್ ಪ್ರಾಂತ್ಯದ ಒಂದು ಕಣಿವೆಯ ಕೊನೆಯಲ್ಲಿ, 1250 ಮೀಟರ್ ಎತ್ತರದಲ್ಲಿರುವ ಹಳ್ಳಿ ಅದು. ಸುಮಾರು ಸಾವಿರ ಜನ. ನೆಲದಿಂದ 30 ಡಿಗ್ರಿ ಬಿಸಿಯ ನೀರು ಉಕ್ಕುತ್ತದೆ. ಆ ನೀರನ್ನು ನಂಬಿ 1960ರ ದಶಕದಲ್ಲಿ ಒಂದು ಹೋಟೆಲು ಎದ್ದಿತು, ಆಮೇಲೆ ದಿವಾಳಿಯಾಯಿತು. 1983ರಲ್ಲಿ ಹಳ್ಳಿಯವರೇ ಸೇರಿ ಅದನ್ನು ಕೊಂಡುಕೊಂಡರು. ಹೊಸ ಸ್ನಾನಗೃಹ ಕಟ್ಟುವ ಕೆಲಸವನ್ನು ಸ್ವಿಸ್ ಆರ್ಕಿಟೆಕ್ಟ್ ಪೀಟರ್ ಝುಮ್ಟೋರ್‌ಗೆ ಕೊಟ್ಟರು. ಆಗ ಅವರಿಗೆ ಈಗಿನ ಹೆಸರಿರಲಿಲ್ಲ. ಪ್ರಿಟ್ಜ್‌ಕರ್ ಅನ್ನುವ, ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಬಂದದ್ದು 2009ರಲ್ಲಿ. ಸ್ನಾನಗೃಹ ತೆರೆದದ್ದು 1996ರಲ್ಲಿ.

ಗೋಡೆ ಪೂರ್ತಿ ಆ ಊರಿನದೇ ಕ್ವಾರ್ಟ್ಜೈಟ್ ಕಲ್ಲು, ಸುಮಾರು 60,000 ಚಪ್ಪಡಿ. ಹತ್ತಿರ ನಿಂತು ನೋಡಿದರೆ ಮೂರು ಬೇರೆ ಬೇರೆ ದಪ್ಪದ ಚಪ್ಪಡಿಗಳು ಕಾಣುತ್ತವೆ. ಮೂರನ್ನೂ ಒಂದರ ಮೇಲೊಂದು ಇಟ್ಟರೆ, ಗಾರೆಯೂ ಸೇರಿ, 15 ಸೆಂಟಿಮೀಟರ್. ಯಾವ ಕ್ರಮದಲ್ಲಿ ಜೋಡಿಸಿದರೂ ಮೊತ್ತ ಅಷ್ಟೇ. ಹಾಗಾಗಿ ಸಾಲುಗಳು ಸಹಜವಾಗಿ ಏರುಪೇರಾಗಿ ಕಾಣುತ್ತವೆ, ಆದರೆ ಮೆಟ್ಟಿಲು, ಬಾಗಿಲು ಎಲ್ಲ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಚಾವಣಿಯ ಮೇಲೆ ಹುಲ್ಲು. ಮೇಲಿನ ಇಳಿಜಾರಿನಿಂದ ನೋಡಿದರೆ ಬೇರೆ ಹುಲ್ಲುಗಾವಲಿಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಒಳಗೆ ಬೆಳಕು ಬರುವುದು ಚಾವಣಿಯ ಸಣ್ಣ ಸೀಳುಗಳಿಂದ. ಅಲ್ಲಿನ ಚಾವಣಿ ಒಂದೇ ಹಲಗೆಯಲ್ಲ. 15 ಕಲ್ಲಿನ ಬ್ಲಾಕುಗಳು, ಪ್ರತಿಯೊಂದಕ್ಕೂ ತನ್ನದೇ ಕಾಂಕ್ರೀಟ್ ತುಂಡು. ತುಂಡಿಗೂ ತುಂಡಿಗೂ ನಡುವೆ ಗಾಜು ಹಾಕಿದ ಸಂದು. ಆ ಸಂದಿನಿಂದ ಗೋಡೆಯ ಮೇಲೆ ಒಂದು ಗೆರೆ ಬಿಸಿಲು ಇಳಿದು, ಗಂಟೆ ಕಳೆದ ಹಾಗೆ ಜರುಗುತ್ತದೆ. ಒಂದು ಕೋಣೆಯಲ್ಲಿ 42 ಡಿಗ್ರಿ ನೀರು, ಇನ್ನೊಂದರಲ್ಲಿ 14. ತೆರೆದ ಎರಡೇ ವರ್ಷಕ್ಕೆ, 1998ರಲ್ಲಿ, ಸರ್ಕಾರ ಇದನ್ನು ಸಂರಕ್ಷಿತ ಕಟ್ಟಡ ಅಂತ ಘೋಷಿಸಿತು.

ಇನ್ನು ನೀವು ಹೇಳಿ.

ಬೆಣ್ಣೆದೋಸೆ, ಸ್ಟುಟ್‌ಗಾರ್ಟ್

ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ನನ್ನದು ಸ್ವಲ್ಪ ನೆಲದ ಮಟ್ಟದ ಪ್ರಶ್ನೆ. ಜೂನಿನಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಮಂಡಿ ನೋವು. ಇಬ್ಬರೂ ಮೊಟ್ಟೆ ಕೂಡ ತಿನ್ನುವುದಿಲ್ಲ. ಟೂರ್ ಪ್ಯಾಕೇಜಿನ ಹಾಗೆ ಓಡಾಡಿಸುವುದು ಬೇಡ, ಒಂದೇ ಕಡೆ ಎರಡು ಮೂರು ದಿನ ಒಳ್ಳೆಯ ಜಾಗದಲ್ಲಿ ಇರಿಸೋಣ ಅಂತ ಆಸೆ. ಇಂಥ ಹೋಟೆಲುಗಳು ನಮ್ಮಂಥವರಿಗೆ ಆಗುತ್ತವಾ? ಅಥವಾ ಇದೆಲ್ಲ ನಿಮ್ಮ ಹಾಗೆ ಕಟ್ಟಡ ನೋಡೋರಿಗೆ ಮಾತ್ರಾನಾ?

ಲಾರ್ಚ್‌ಮರ, ಇನ್ಸ್‌ಬ್ರುಕ್

ಬೆಣ್ಣೆದೋಸೆ ಅವರೇ, ನಿಮಗೆ ನಾನು ವಿಗಿಲಿಯುಸ್ ಹೇಳುತ್ತೇನೆ. ಇಟಲಿಯ ಸೌತ್ ಟಿರೋಲ್‌ನಲ್ಲಿ, ಲಾನಾ ಅನ್ನುವ ಊರಿನ ಮೇಲೆ, 1500 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಕಾರಿನ ರಸ್ತೆಯೇ ಇಲ್ಲ. ಲಾನಾದಿಂದ ಕೇಬಲ್ ಕಾರ್ ಹತ್ತಬೇಕು. ಆ ಕೇಬಲ್ ಕಾರ್ ಶುರುವಾದದ್ದು 1912ರಲ್ಲಿ, ಯೂರೋಪಿನ ಅತಿ ಹಳೆಯವುಗಳಲ್ಲಿ ಒಂದು. ಮೇಲೆ ಇಳಿದರೆ ಹೋಟೆಲು ಅಲ್ಲೇ. ಮಂಡಿ ನೋವಿದ್ದವರು ಹೋಟೆಲು ಸೇರಲು ಬೆಟ್ಟ ಹತ್ತಬೇಕಿಲ್ಲ.

ನಾನು ಮರದ ಕಟ್ಟಡಗಳ ಕೆಲಸದಲ್ಲಿದ್ದೇನೆ. ಹಾಗಾಗಿ ಆ ಕಟ್ಟಡದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ವಿನ್ಯಾಸ ಮಾತ್ತೆಯೋ ಥೂನ್ ಅವರದು. ಅವರು ಅಲ್ಲೇ ಹತ್ತಿರದ ಬೊಲ್ಜಾನೋದಲ್ಲಿ ಹುಟ್ಟಿದವರು. 2003ರಲ್ಲಿ ತೆರೆಯಿತು. ಉದ್ದಕ್ಕೆ ಮಲಗಿದ ಕಟ್ಟಡ, ಇಳಿಜಾರಿಗೆ ಅಡ್ಡ ನಿಲ್ಲುವುದಿಲ್ಲ. ಹೊರಗೆಲ್ಲ ಲಾರ್ಚ್ ಮರದ ಅಡ್ಡಪಟ್ಟಿಗಳು. ಬೇಸಿಗೆಯ ಬಿಸಿಲನ್ನು ಅವೇ ತಡೆಯುತ್ತವೆ, ಚಳಿಗಾಲದ ತಗ್ಗು ಬಿಸಿಲನ್ನು ಒಳಗೆ ಬಿಡುತ್ತವೆ.

ಲಾರ್ಚ್ ಬಗ್ಗೆ ನಮ್ಮವರಿಗೆ ಅಷ್ಟು ಗೊತ್ತಿರುವುದಿಲ್ಲ. ಆಲ್ಪ್ಸ್‌ನ ಸೂಜಿ ಎಲೆ ಮರಗಳಲ್ಲಿ ಚಳಿಗಾಲಕ್ಕೆ ಎಲೆ ಉದುರಿಸುವುದು ಇದೊಂದೇ. ಅಂಟು ಜಾಸ್ತಿ ಇರುವ ಗಟ್ಟಿ ಮರ. ಬಣ್ಣ ಬಳಿಯದೆ, ಎಣ್ಣೆ ಹಚ್ಚದೆ ಹೊರಗೆ ಬಿಟ್ಟರೂ ದಶಕಗಟ್ಟಲೆ ಬಾಳುತ್ತದೆ. ಹೊಸದರಲ್ಲಿ ಕೆಂಪಾಗಿರುತ್ತದೆ. ಬಿಸಿಲು ಮರದ ಮೇಲ್ಪದರವನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆಯುತ್ತದೆ, ಕೆಲವು ವರ್ಷದಲ್ಲಿ ಬೆಳ್ಳಿಯ ಬೂದು ಬಣ್ಣಕ್ಕೆ ಬರುತ್ತದೆ. ಬಿಸಿಲು ಬೀಳುವ ದಕ್ಷಿಣದ ಗೋಡೆ ಬೇಗ, ಉತ್ತರದ್ದು ನಿಧಾನ. ಕೆಲವು ಮಾಲೀಕರು ಇದನ್ನು ನೋಡಿ ಗಾಬರಿಯಾಗಿ ಪಾಲಿಶ್ ಹೊಡೆಸುತ್ತಾರೆ. ಬೇಡ. ಆ ಬೂದಿನಿಂದಲೇ ಕಟ್ಟಡ ಪಕ್ಕದ ಹಳೆಯ ಕೊಟ್ಟಿಗೆಗಳ ಜೊತೆ ಸೇರಿಕೊಳ್ಳುವುದು.

ವಿಗಿಲಿಯುಸ್ ರೂಮಿನಲ್ಲಿ ನನಗೆ ಇಷ್ಟವಾದದ್ದು ಮಣ್ಣಿನ ಗೋಡೆ. ಮಲಗುವ ಜಾಗಕ್ಕೂ ಬಚ್ಚಲಿಗೂ ನಡುವೆ ಇರುವ ಆ ಗೋಡೆಯೇ ಹೀಟರ್. ಕೈ ಇಟ್ಟರೆ ಬೆಚ್ಚಗಿರುತ್ತದೆ, ಸುಡುವುದಿಲ್ಲ. ಗಾಳಿಯ ತೇವವನ್ನೂ ಮಣ್ಣು ಹೀರಿಕೊಂಡು ಮತ್ತೆ ಹೊರಬಿಡುತ್ತದೆ, ಮೂಗು ಒಣಗುವುದಿಲ್ಲ. ಇಡೀ ಕಟ್ಟಡಕ್ಕೆ ಶಾಖ ಕೊಡುವುದು ಮರದ ಚಕ್ಕೆ ಉರಿಸುವ ಬಾಯ್ಲರು.

ಹೆಸರಾದವರ ಕಟ್ಟಡ ಬೇಡ, ಚಿಕ್ಕದು ಸಾಕು ಅನ್ನುವವರು ಆರ್ನ್‌ಟಾಲ್ ಕಣಿವೆಯ ಬ್ಯೂಹೆಲ್‌ವಿರ್ಟ್ ನೋಡಿ. ಹಳೆಯ ಹೋಟೆಲಿಗೆ 2017ರಲ್ಲಿ ಪೆಡೆವಿಲ್ಲಾ ಆರ್ಕಿಟೆಕ್ಟ್ಸ್ ಸೇರಿಸಿದ 20 ಕೋಣೆಗಳ ಭಾಗ. ಹೊರಗೆ ಕಪ್ಪು, ಹಿಂದಿನ ಕಾಡಿನ ನೆರಳಿನಲ್ಲಿ ಮರೆಯಾಗುತ್ತದೆ. ಒಳಗೆ ಲಾರ್ಚ್.

ಕಾಫಿತೋಟ, ಚಿಕ್ಕಮಗಳೂರು

ನಾನು ಆಲ್ಪ್ಸ್‌ಗೆ ಹೋದವನಲ್ಲ, ಆದರೆ ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮ ಗುಡ್ಡಗಳಲ್ಲೂ ಇದೇ ಪ್ರಶ್ನೆ ಎದ್ದಿದೆ, ಅದಕ್ಕೇ ಕೇಳುತ್ತೇನೆ. ಕಲ್ಲು ಊರಿನದು, ಮರ ಕಾಡಿನದು, ಎಲ್ಲ ಸರಿ. ಆದರೆ ಚಳಿಗಾಲದಲ್ಲಿ ಬಯಲಲ್ಲಿ ಬಿಸಿನೀರಿನ ಈಜುಕೊಳ ಇಟ್ಟುಕೊಂಡು ಪ್ರಕೃತಿಗೆ ಹತ್ತಿರ ಅಂತ ಹೇಳುವುದು ಎಷ್ಟು ಸರಿ? ಆ ನೀರು, ಆ ಕರೆಂಟು ಎಲ್ಲಿಂದ? ಒಂದು ಹೋಟೆಲು ಚೆನ್ನಾಗಿರಬಹುದು. ಅಂಥವು ನೂರು ಬಂದರೆ ಆ ಕಣಿವೆ ಏನಾಗಬೇಕು? ಇದಕ್ಕೆ ಅಲ್ಲಿನವರು ಏನಾದರೂ ಲಗಾಮು ಹಾಕಿದ್ದಾರಾ?

ಬೀಮ್‌ಕಾಲಂ, ಜೂರಿಕ್

ಕಾಫಿತೋಟ ಸರ್, ನಿಮ್ಮ ಪ್ರಶ್ನೆ ಸರಿಯಾಗಿದೆ. ಲೆಕ್ಕದಿಂದಲೇ ಶುರು ಮಾಡುತ್ತೇನೆ, ನಾನು ಸ್ಟ್ರಕ್ಚರಲ್ ಎಂಜಿನಿಯರ್.

ನೀವು ಹೇಳುವ ಥರದ ಕೊಳಗಳಲ್ಲಿ ಜಾಸ್ತಿ ಫೋಟೋಗೆ ಬೀಳುವುದು ಸೌತ್ ಟಿರೋಲ್‌ನ ಓಲಾಂಗ್ ಹತ್ತಿರದ ಹೊಟೇಲ್ ಹುಬರ್ಟುಸ್‌ದು. ನೋವಾ ಅನ್ನುವ ಆರ್ಕಿಟೆಕ್ಟರ ತಂಡ 2016ರಲ್ಲಿ ಮಾಡಿದ್ದು. 25 ಮೀಟರ್ ಉದ್ದ, ನೆಲದಿಂದ 12 ಮೀಟರ್ ಮೇಲೆ ಗಾಳಿಯಲ್ಲಿ ಚಾಚಿಕೊಂಡಿದೆ. ತುದಿಯಲ್ಲಿ ಗಾಜು. ಅಗಲ 5 ಮೀಟರ್, ಆಳ ಎದೆಮಟ್ಟ 1.3 ಮೀಟರ್ ಅಂತ ಇಟ್ಟುಕೊಂಡರೆ ನೀರಿನ ತೂಕವೇ 160 ಟನ್ ದಾಟುತ್ತದೆ. ಅಷ್ಟನ್ನು ಗಾಳಿಯಲ್ಲಿ ಹೊರಗೆ ಚಾಚಿ ನಿಲ್ಲಿಸುವುದು ಎಂಜಿನಿಯರಿಂಗ್ ಆಗಿ ದೊಡ್ಡ ಕೆಲಸ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ಆ ಬೆಟ್ಟಕ್ಕೆ ಬೇಕಿತ್ತಾ ಅಂತ ಕೇಳಿದರೆ, ನನ್ನ ಉತ್ತರ ಇಲ್ಲ. ಬಯಲಿನ ಬಿಸಿ ಕೊಳದಲ್ಲಿ ಶಾಖ ಹೆಚ್ಚಾಗಿ ಹೋಗುವುದು ಮೇಲಿನಿಂದ, ಆವಿಯಾಗಿ. ರಾತ್ರಿ ಮುಚ್ಚಳ ಎಳೆಯದಿದ್ದರೆ ಚಳಿಗಾಲವಿಡೀ ಆಕಾಶವನ್ನು ಬಿಸಿ ಮಾಡಿದ ಹಾಗೆ. ಹೋಟೆಲು ಬುಕ್ ಮಾಡುವಾಗ ಶಾಖ ಎಲ್ಲಿಂದ, ರಾತ್ರಿ ಮುಚ್ಚುತ್ತೀರಾ ಅಂತ ಕೇಳಿ. ಕೇಳುವವರು ಜಾಸ್ತಿಯಾದರೆ ಮಾಲೀಕರೂ ಯೋಚಿಸುತ್ತಾರೆ.

ಬೆಟ್ಟದಲ್ಲಿ ಕಟ್ಟುವವರಿಗೆ ಅಸಲಿ ತಲೆನೋವು ಹಿಮದ ಭಾರ. ಆಗ ತಾನೇ ಬಿದ್ದ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ. ಅದು ಕೂತು ಗಟ್ಟಿಯಾದರೆ 200ರಿಂದ 500 ಕಿಲೋ. ಎರಡು ಮೀಟರ್ ಹಿಮ ಚಾವಣಿಯ ಮೇಲೆ ಕೂತರೆ ಪ್ರತಿ ಚದರ ಮೀಟರಿಗೆ 600 ಕಿಲೋ ಸುಲಭವಾಗಿ ಬರುತ್ತದೆ. ಚಾವಣಿ ಕಡಿದಾಗಿದ್ದರೆ ಹಿಮ ಜಾರಿಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹೋಟೆಲಿನಲ್ಲಿ ಅದೇ ಅಪಾಯ, ಕೆಳಗೆ ಜನ ಓಡಾಡುತ್ತಾರೆ. ಹಳೆಯ ಕಾಲದವರೂ ಚಾವಣಿಯನ್ನು ತುಂಬ ಕಡಿದಾಗಿ ಮಾಡುತ್ತಿರಲಿಲ್ಲ, ಹಿಮ ಅಲ್ಲೇ ನಿಲ್ಲಲಿ ಅಂತ ಬಿಡುತ್ತಿದ್ದರು. ನಿಂತ ಹಿಮ ಮನೆಗೆ ಕಂಬಳಿ ಹೊದಿಸಿದ ಹಾಗೆ, ಶಾಖ ಉಳಿಸುತ್ತದೆ. ಈಗಿನ ಸಪಾಟು ಚಾವಣಿಗಳು ಮಾಡುವುದೂ ಅದನ್ನೇ. ನೀರು ಇಳಿಯುವ ಪೈಪನ್ನು ಹೊರಗೋಡೆಗೆ ಹಾಕದೆ ಕಟ್ಟಡದ ಒಳಗಿನಿಂದ, ಬೆಚ್ಚಗಿನ ಜಾಗದಿಂದ ಇಳಿಸಿದರೆ ಹೆಪ್ಪುಗಟ್ಟುವುದಿಲ್ಲ.

ಇನ್ನು ಲಗಾಮಿನ ಮಾತು. ಎಲ್ಲಿ ಕಟ್ಟಬಾರದು ಅನ್ನುವುದನ್ನು ಸ್ವಿಟ್ಜರ್ಲೆಂಡಿನಲ್ಲಿ ಅಪಾಯದ ನಕ್ಷೆಯೇ ಹೇಳುತ್ತದೆ. ಹಿಮಕುಸಿತದ ಕೆಂಪು ವಲಯದಲ್ಲಿ ಹೊಸ ಮನೆ, ಹೋಟೆಲು ಯಾವುದೂ ಇಲ್ಲ. ನೀಲಿ ವಲಯದಲ್ಲಿ ಷರತ್ತು. ಆಸ್ಟ್ರಿಯಾದ ಗಾಲ್ಟೂರ್‌ನಲ್ಲಿ 1999ರ ಫೆಬ್ರವರಿ 23ರಂದು ಹಿಮಕುಸಿತಕ್ಕೆ ಊರಿನಲ್ಲೇ 31 ಜನ ಸತ್ತರು. ಅದಾದ ಮೇಲೆ ಅಲ್ಲಿನ ವಲಯಗಳನ್ನು ಮತ್ತೆ ಗುರುತಿಸಿದರು, ತಡೆಗೋಡೆ ಕಟ್ಟಿದರು. ಚೆಂದದ ನೋಟ ಇರುವ ಖಾಲಿ ಇಳಿಜಾರು ಕಂಡರೆ, ಅಲ್ಲಿ ಯಾಕೆ ಯಾರೂ ಮನೆ ಕಟ್ಟಿಲ್ಲ ಅಂತ ಮೊದಲು ಕೇಳಬೇಕು.

ಲಾರ್ಚ್‌ಮರ, ಇನ್ಸ್‌ಬ್ರುಕ್

ಸೌತ್ ಟಿರೋಲ್‌ನ ಲಗಾಮಿನ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿನ ಜನಸಂಖ್ಯೆ ಐದು ಲಕ್ಷ ಚಿಲ್ಲರೆ. ಪ್ರವಾಸಿಗರು ತಂಗುವ ರಾತ್ರಿಗಳು ವರ್ಷಕ್ಕೆ 3 ಕೋಟಿಗೂ ಜಾಸ್ತಿ. 2022ರಲ್ಲಿ ಅಲ್ಲಿನ ಪ್ರಾಂತ್ಯ ಸರ್ಕಾರ ಒಟ್ಟು ಹಾಸಿಗೆಗಳ ಸಂಖ್ಯೆಗೇ ಮಿತಿ ಹಾಕಿತು. ಹೊಸದು ಬರಬೇಕಾದರೆ ಹಳೆಯದು ಎಲ್ಲೋ ಬಿಟ್ಟುಕೊಟ್ಟಿರಬೇಕು. ಹೋಟೆಲಿನವರಿಂದ ವಿರೋಧ ಬಂತು, ಆದರೂ ತಂದರು.

ಇನ್ನೊಂದು ಮುಖ್ಯ ವಿಷಯ. ಅಲ್ಲಿನ ಹೋಟೆಲುಗಳು ಬಹುಪಾಲು ಮನೆತನದವು, ಕಂಪನಿ ಸರಪಳಿಗಳಲ್ಲ. ಜಮೀನನ್ನು ಹೋಳು ಮಾಡದೆ ಒಬ್ಬರಿಗೇ ಇಡಿಯಾಗಿ ಬಿಡುವ ಹಳೆಯ ಕಾನೂನು ಸೌತ್ ಟಿರೋಲ್‌ನಲ್ಲಿ ಇನ್ನೂ ಇದೆ. ಅದಕ್ಕೇ ಹೋಟೆಲಿನ ಪಕ್ಕದಲ್ಲೇ ಹುಲ್ಲುಗಾವಲು, ದನದ ಕೊಟ್ಟಿಗೆ ಉಳಿದಿವೆ. ತಂದೆ ಹಸು ಸಾಕುತ್ತಾರೆ, ಮಗಳು ಹೋಟೆಲು ನಡೆಸುತ್ತಾಳೆ, ಬೆಳಿಗ್ಗೆಯ ಬೆಣ್ಣೆ ಆ ಕೊಟ್ಟಿಗೆಯದೇ. ಆರ್ಕಿಟೆಕ್ಟರನ್ನು ಕರೆಸಿದವರು ನಾಳೆಯೂ ಆ ಕಟ್ಟಡದ ಪಕ್ಕದಲ್ಲೇ ಬದುಕಬೇಕು. ಕೆಲಸದ ಗುಣಮಟ್ಟ ಅದರಿಂದ ಬರುತ್ತದೆ ಅಂತ ನನ್ನ ನಂಬಿಕೆ.

ಕಾಫಿತೋಟ, ಚಿಕ್ಕಮಗಳೂರು

ಹಾಸಿಗೆ ಲೆಕ್ಕ ಹಾಕಿ ಮಿತಿ ಇಡಬಹುದು ಅನ್ನುವುದೇ ನನಗೆ ಹೊಸ ವಿಚಾರ. ಇದನ್ನು ನಮ್ಮ ಕಡೆಯ ನಾಲ್ಕು ಜನರಿಗೆ ಹೇಳುತ್ತೇನೆ. ಇನ್ನೊಂದು ಪ್ರಶ್ನೆ, ಇಂಥ ಕಟ್ಟಡ ಸೋತರೆ ಏನಾಗುತ್ತದೆ?

ಕಲ್ಲುಚಪ್ಪಡಿ, ಮ್ಯೂನಿಕ್

ಅದಕ್ಕೂ ಸೌತ್ ಟಿರೋಲ್‌ನಲ್ಲೇ ಉದಾಹರಣೆ ಇದೆ. ಮಾರ್ಟೆಲ್ ಕಣಿವೆಯಲ್ಲಿ ಸುಮಾರು 2160 ಮೀಟರ್ ಎತ್ತರದಲ್ಲಿ, 1930ರ ದಶಕದಲ್ಲಿ, ಮಿಲಾನಿನ ಆರ್ಕಿಟೆಕ್ಟ್ ಜಿಯೋ ಪೊಂಟಿ ಒಂದು ಹೋಟೆಲು ಮಾಡಿದರು. ಬಾಗಿದ ಉದ್ದನೆಯ ಕಟ್ಟಡ, ಬಿಸಿಲಿಗೆ ಮುಖ. ಯುದ್ಧ ಬಂತು, ಕೈ ಬದಲಾಯಿತು, ದಶಕಗಳಿಂದ ಖಾಲಿ ಬಿದ್ದಿದೆ. ಟ್ರೆಕ್ಕಿಂಗ್ ಹೋಗುವವರು ಆ ಕೆಂಪು ಗೋಡೆಗಳ ಪಕ್ಕದಲ್ಲೇ ಹಾದುಹೋಗುತ್ತಾರೆ. ಒಳ್ಳೆಯ ವಿನ್ಯಾಸ ಇದ್ದ ಮಾತ್ರಕ್ಕೆ ಬೆಟ್ಟದಲ್ಲಿ ಕಟ್ಟಡ ಉಳಿಯುವುದಿಲ್ಲ. ಊರಿನಿಂದ ಅಷ್ಟು ದೂರ ಇದ್ದರೆ ಕಷ್ಟಕ್ಕೆ ಆಗುವವರು ಯಾರೂ ಇರುವುದಿಲ್ಲ.

ಸಿಮೆಂಟುಹೂವು, ಜಿನೀವಾ

ಎಲ್ಲರೂ ಮರ, ಕಲ್ಲು ಅಂತಲೇ ಹೇಳುತ್ತಿದ್ದೀರಿ. ಕಾಂಕ್ರೀಟಿನ ಪರವಾಗಿ ನಾನು ಮಾತಾಡುತ್ತೇನೆ. ಫ್ರಾನ್ಸಿನ ಫ್ಲೇನ್‌ಗೆ ಯಾರಾದರೂ ಹೋಗಿದ್ದೀರಾ? ಬೌಹೌಸ್‌ ಅನ್ನುವ ಜರ್ಮನಿಯ ಹೆಸರಾಂತ ವಿನ್ಯಾಸ ಶಾಲೆಯಿಂದ ಬಂದ ಆರ್ಕಿಟೆಕ್ಟ್ ಮಾರ್ಸೆಲ್ ಬ್ರೊಯರ್ 1960ರ ದಶಕದಲ್ಲಿ ವಿನ್ಯಾಸ ಮಾಡಿದ ಇಡೀ ಊರು ಅದು, 1600 ಮೀಟರ್ ಎತ್ತರದಲ್ಲಿ. ಎರಿಕ್ ಬುವಸೊನಾ ಅನ್ನುವ ಭೂಭೌತ ವಿಜ್ಞಾನಿ ಮತ್ತು ಅವರ ಪತ್ನಿ ಸಿಲ್ವಿ ಸೇರಿ ಕಟ್ಟಿಸಿದ್ದು.

ಮೊದಲ ನೋಟಕ್ಕೆ ಬೂದು ಕಾಂಕ್ರೀಟ್, ಮುಖ ತಿರುಗಿಸುವವರೇ ಜಾಸ್ತಿ. ಒಂದು ದಿನ ಪೂರ್ತಿ ಅಲ್ಲೇ ಇದ್ದು ನೋಡಬೇಕು. ಹೊರಗೋಡೆಯ ಫಲಕಗಳು ಸಪಾಟಾಗಿಲ್ಲ, ವಜ್ರದ ಹಾಗೆ ಮುಖಗಳಿರುವ ಹಲಗೆಗಳು. ಬೆಳಿಗ್ಗೆ ಒಂದು ಮುಖಕ್ಕೆ ಬಿಸಿಲು, ಮಧ್ಯಾಹ್ನ ಇನ್ನೊಂದಕ್ಕೆ. ಬಣ್ಣ ಸುತ್ತಲಿನ ಸುಣ್ಣಕಲ್ಲಿನ ಬಂಡೆಗಳದೇ. ಹೊಟೇಲ್ ಲ ಫ್ಲೇನ್‌ನ ಒಂದು ಭಾಗ ಬಂಡೆಯ ಅಂಚಿನಿಂದ ಹೊರಗೆ ಚಾಚಿದೆ. ಆ ಕಟ್ಟಡ ಈಗ ಅಲ್ಲಿನ ಸ್ಮಾರಕಗಳ ಪಟ್ಟಿಯಲ್ಲಿದೆ. ಪಕ್ಕದ ಟೋಟೆಮ್ ಕಟ್ಟಡ ದುರಸ್ತಿಯಾಗಿ 2016ರಲ್ಲಿ ಮತ್ತೆ ಹೋಟೆಲಾಗಿ ತೆರೆಯಿತು. ಬೀದಿಯಲ್ಲೇ ಪಿಕಾಸೊ, ದ್ಯುಬುಫೆ, ವಾಸರೇಲಿ ಅವರ ಶಿಲ್ಪಗಳಿವೆ, ಟಿಕೆಟ್ ಇಲ್ಲದೆ ನೋಡಬಹುದು.

ನನಗೆ ಇದು ಯಾಕೆ ಮುಖ್ಯ ಅಂದರೆ, ಬ್ರೊಯರ್ ಊರನ್ನು ಒತ್ತೊತ್ತಾಗಿ ಕಟ್ಟಿದರು. ಕಟ್ಟಡಗಳು ಎತ್ತರ, ಒಂದೇ ಕಡೆ. ಉಳಿದ ಇಳಿಜಾರು ಖಾಲಿ ಉಳಿಯಿತು. ಅದೇ ಹಾಸಿಗೆಗಳನ್ನು ಮುದ್ದಾದ ಮರದ ಬಂಗಲೆಗಳಲ್ಲಿ ಹರಡಿದ್ದರೆ ಇಡೀ ಬೆಟ್ಟವೇ ಸೈಟುಗಳಾಗುತ್ತಿತ್ತು, ಅಲ್ವಾ?

ಲಾರ್ಚ್‌ಮರ, ಇನ್ಸ್‌ಬ್ರುಕ್

ಒತ್ತೊತ್ತಾಗಿ ಕಟ್ಟಿದ್ದು ಸರಿ, ಒಪ್ಪುತ್ತೇನೆ. ಆದರೆ ಮರದ ಕಟ್ಟಡವನ್ನು ಐವತ್ತು ವರ್ಷದ ಮೇಲೆ ಬಿಚ್ಚಿ ಇನ್ನೊಂದು ಕಡೆ ಜೋಡಿಸಬಹುದು. ಕಾಂಕ್ರೀಟ್ ಬಿಚ್ಚಲಾಗುವುದಿಲ್ಲ, ಒಡೆಯಬೇಕು. ಒಡೆದ ಚೂರುಗಳನ್ನು ಅದೇ ತಿರುವಿನ ರಸ್ತೆಯಲ್ಲಿ ಕೆಳಗೆ ಸಾಗಿಸಬೇಕು.

ಸಿಮೆಂಟುಹೂವು, ಜಿನೀವಾ

ಒಡೆಯುವ ಮಾತೇ ಬೇಡ, ದುರಸ್ತಿ ಮಾಡಿ ಬಳಸೋಣ. ಫ್ಲೇನ್‌ನಲ್ಲಿ ಆಗುತ್ತಿರುವುದು ಅದೇ. ಬೆಟ್ಟದಲ್ಲಿ ಈಗಾಗಲೇ ಇರುವ ಕಟ್ಟಡವೇ ಎಲ್ಲಕ್ಕಿಂತ ಹಸಿರು.

ರೂಮ್‌ಕೀ, ವಾಲಿಸ್

ಇಷ್ಟು ಹೊತ್ತು ಓದುತ್ತಿದ್ದೆ. ನಾನು ಇಂಥ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ, ಹೆಸರು ಬೇಡ. ಹೌಸ್‌ಕೀಪಿಂಗ್‌ನಲ್ಲಿ ಶುರು ಮಾಡಿ ಈಗ ರಿಸೆಪ್ಶನ್‌ನಲ್ಲಿದ್ದೇನೆ. ವಿನ್ಯಾಸ ಮಾಡುವವರು ಒಂದು ಸಾರಿ ನಮ್ಮ ಜೊತೆ ರೂಮು ಕ್ಲೀನ್ ಮಾಡಲು ಬರಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಬಚ್ಚಲಲ್ಲಿ ಕಪ್ಪು ನಲ್ಲಿ, ಕಪ್ಪು ಕಲ್ಲು ಫೋಟೋದಲ್ಲಿ ಚೆಂದ. ಇಲ್ಲಿನ ನೀರಿನಲ್ಲಿ ಸುಣ್ಣ ಜಾಸ್ತಿ. ಒಂದೊಂದು ಹನಿಯೂ ಒಣಗಿ ಬಿಳಿ ಚುಕ್ಕೆಯಾಗುತ್ತದೆ. ಅತಿಥಿ ಒಂದು ಸ್ನಾನ ಮಾಡಿದರೆ ನಮಗೆ ಒಣಬಟ್ಟೆಯಲ್ಲಿ ಇಡೀ ಗೋಡೆ ಒರೆಸುವ ಕೆಲಸ. ಕಲ್ಲಿನ ಜಾತಿ ಗೊತ್ತಿಲ್ಲದೆ ಹುಳಿ ಇರುವ ಕ್ಲೀನರ್ ಹಾಕಿದರೆ ಅಮೃತಶಿಲೆ ಹೊಳಪು ಕಳೆದುಕೊಳ್ಳುತ್ತದೆ. ನೆಲದಿಂದ ಚಾವಣಿವರೆಗೆ ಗಾಜು ಇದ್ದರೆ, ಮಕ್ಕಳ ಕೈ ಗುರುತು ಒಳಗೆ, ಹಿಮದ ಕಲೆ ಹೊರಗೆ. ಚಳಿಯಲ್ಲಿ ಹೊರಗಿನ ಗಾಜು ಒರೆಸುವಾಗ ನೀರು ಅಲ್ಲೇ ಹೆಪ್ಪುಗಟ್ಟುತ್ತದೆ. ಎಣ್ಣೆ ಹಚ್ಚಿದ ಮರದ ನೆಲ ಮಾತ್ರ ನಮ್ಮ ಸ್ನೇಹಿತ. ಕಲೆ ಆದ ಜಾಗವನ್ನಷ್ಟೇ ಉಜ್ಜಿ ಮತ್ತೆ ಎಣ್ಣೆ ಹಚ್ಚಿದರೆ ಆಯಿತು.

ಕಲ್ಲುಚಪ್ಪಡಿ ಸರ್, ನಿಮ್ಮ ಅಳತೆಗೆ ಇನ್ನೊಂದು ಸೇರಿಸಿ. ಕೆಲಸದವರು ಎಲ್ಲಿ ಮಲಗುತ್ತಾರೆ? ಡಿಸೆಂಬರಿನಿಂದ ಏಪ್ರಿಲ್ ಒಂದು ಸೀಸನ್, ಜೂನಿನಿಂದ ಅಕ್ಟೋಬರ್ ಇನ್ನೊಂದು. ನಡುವೆ ಹೋಟೆಲು ಮುಚ್ಚುತ್ತದೆ. ಸೀಸನ್‌ಗೆ ಬರುವವರಿಗೆ ಊರಿನಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ, ಶ್ರೀಮಂತರ ರಜಾ ಮನೆಗಳು ವರ್ಷವಿಡೀ ಬಾಗಿಲು ಹಾಕಿ ನಿಂತಿರುತ್ತವೆ. 2012ರ ಮಾರ್ಚ್‌ನಲ್ಲಿ ಸ್ವಿಸ್ ಜನ ಮತ ಹಾಕಿ ಇದಕ್ಕೆ ಒಂದು ಮಿತಿ ತಂದರು. ಒಂದು ಊರಿನಲ್ಲಿ ಎರಡನೇ ಮನೆಗಳು 20 ಶೇಕಡಾಕ್ಕಿಂತ ಜಾಸ್ತಿ ಇರುವಂತಿಲ್ಲ. ಕೂದಲೆಳೆ ಅಂತರದಲ್ಲಿ ಗೆದ್ದ ಮತ ಅದು. ಬೆಟ್ಟದ ಊರುಗಳಲ್ಲಿ ಬಹಳ ಜನರಿಗೆ ಬೇಸರವಾಯಿತು. ನನಗೆ ಸರಿ ಅನಿಸುತ್ತದೆ.

ಕಲ್ಲುಚಪ್ಪಡಿ, ಮ್ಯೂನಿಕ್

ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ. ಕೆಲಸದವರ ಕೋಣೆ ನಕ್ಷೆಯಲ್ಲಿ ಕೊನೆಗೆ ಬರುತ್ತದೆ, ಕಿಟಕಿ ಉತ್ತರಕ್ಕೆ. ನಮ್ಮ ಆಫೀಸಿನಲ್ಲಿ ಮುಂದಿನ ಚರ್ಚೆಯಲ್ಲಿ ಇದನ್ನು ಎತ್ತುತ್ತೇನೆ.

ಬೀಮ್‌ಕಾಲಂ, ಜೂರಿಕ್

ವಾಲ್ಸ್ ಬಗ್ಗೆ ನೀವು ಬರೆದದ್ದಕ್ಕೆ ಮುಂದಿನ ಭಾಗವೂ ಸೇರಬೇಕು. 2012ರಲ್ಲಿ ಹಳ್ಳಿ ಆ ಹೋಟೆಲು, ಸ್ನಾನಗೃಹ ಎರಡನ್ನೂ ಮಾರಿತು. ಝುಮ್ಟೋರ್ ಇದ್ದ ಗುಂಪು ಕೂಡ ಕೊಳ್ಳಲು ಮುಂದೆ ಬಂದಿತ್ತು. ಊರಿನವರು ಸಭೆ ಸೇರಿ ಮತ ಹಾಕಿ, ಒಬ್ಬ ಹೂಡಿಕೆದಾರರಿಗೆ ಕೊಟ್ಟರು. ಹೋಟೆಲಿಗೆ ಈಗ 7132 ಅಂತ ಹೆಸರು, ಅದು ಊರಿನ ಪಿನ್‌ಕೋಡ್. ತದಾವೊ ಆಂಡೊ, ಕೆಂಗೊ ಕುಮಾ, ಥಾಮ್ ಮೇನ್ ಅನ್ನುವ ಹೆಸರಾಂತ ಆರ್ಕಿಟೆಕ್ಟರೆಲ್ಲ ಕೋಣೆಗಳ ವಿನ್ಯಾಸ ಮಾಡಿದ್ದಾರೆ. 2015ರಲ್ಲಿ ಥಾಮ್ ಮೇನ್ ಅವರ ಸಂಸ್ಥೆ ಅಲ್ಲಿಗೆ 381 ಮೀಟರ್ ಎತ್ತರದ ಗೋಪುರದ ನಕ್ಷೆಯನ್ನೂ ಮುಂದಿಟ್ಟಿತು. ಸಾವಿರ ಜನರ ಹಳ್ಳಿಗೆ 381 ಮೀಟರ್! ಕನ್ನಡಿಯ ಹಾಗೆ ಹೊಳೆಯುವುದರಿಂದ ಬೆಟ್ಟದಲ್ಲಿ ಕರಗಿಹೋಗುತ್ತದೆ ಅನ್ನುವುದು ಅವರ ವಾದ. ಅದನ್ನು ಕಟ್ಟಲಿಲ್ಲ, ಅದರಿಂದ ನನಗೆ ಸಮಾಧಾನ.

ಕಲ್ಲುಚಪ್ಪಡಿ, ಮ್ಯೂನಿಕ್

ಹೌದು. ನನಗೆ ಮಾರಿದ್ದು ನೋವಿನ ವಿಷಯವೇ. ಹಳ್ಳಿಯೇ ಮಾಲೀಕ ಆಗಿದ್ದಾಗ ಸಿಕ್ಕಿದ ಧೈರ್ಯದಿಂದಲೇ ಆ ಸ್ನಾನಗೃಹ ಹುಟ್ಟಿದ್ದು. ಆದರೆ ಊರಿನವರ ಮೇಲೆ ನನಗೆ ಸಿಟ್ಟಿಲ್ಲ. ಹೋಟೆಲು ನಡೆಸುವ ನಷ್ಟದ ಭಯವೂ ಅವರದೇ ತಾನೇ. ಝುಮ್ಟೋರ್ ಮತ್ತು ಅವರ ಪತ್ನಿ ಅನಾಲಿಸಾ, ವಾಲ್ಸ್‌ನ ಮೇಲಿನ ಲೈಸ್ ಅನ್ನುವ ಪುಟ್ಟ ಊರಿನಲ್ಲಿ ಮರದ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಗಟ್ಟಿ ಮರದ ತೊಲೆಗಳನ್ನೇ ಜೋಡಿಸಿದ ಮನೆಗಳು, ಕಿಟಕಿಗಳು ಮಾತ್ರ ಈ ಕಾಲದ ದೊಡ್ಡವು.

ಕಲ್ಲಿನ ಗಣಿ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಬರ್ನ್‌ನ ಸಂಸತ್ತಿನ ಎದುರಿನ ಚೌಕಕ್ಕೂ ಜೂರಿಕ್‌ನ ಒಪೆರಾ ಎದುರಿನ ಬಯಲಿಗೂ ಹಾಸಿರುವುದು ವಾಲ್ಸ್‌ನ ಕಲ್ಲೇ. ಬೀಮ್‌ಕಾಲಂ ಅವರೇ, ನೀವು ದಿನಾ ಅದರ ಮೇಲೇ ನಡೆಯುತ್ತಿರಬಹುದು.

ಬೆಣ್ಣೆದೋಸೆ, ಸ್ಟುಟ್‌ಗಾರ್ಟ್

ಇಷ್ಟೆಲ್ಲ ಓದಿ ಅಪ್ಪನಿಗೂ ಫೋನಿನಲ್ಲಿ ಹೇಳಿದೆ. ಅವರಿಗೆ ಹಿಡಿಸಿದ್ದು ಆ ಮೂರು ದಪ್ಪದ ಕಲ್ಲಿನ ಲೆಕ್ಕ. ಅವರು ಪಿಡಬ್ಲ್ಯುಡಿಯಲ್ಲಿ ಇದ್ದವರು. ವಾಲ್ಸ್ ನೋಡಲೇಬೇಕು ಅಂದರು. ಅಮ್ಮನಿಗೆ ಕೇಬಲ್ ಕಾರ್ ಬೇಕು. ಹಾಗಾಗಿ ಲಾನಾದಲ್ಲಿ ಉಳಿದು, ವಾಪಸ್ ಬರುವಾಗ ವಾಲ್ಸ್ ಅಂದುಕೊಂಡಿದ್ದೇನೆ. ಊಟ, ಸ್ನಾನದ ಕಡೆ ಏನು ಗಮನಿಸಬೇಕು ಹೇಳಿ.

ರೂಮ್‌ಕೀ, ವಾಲಿಸ್

ಅಕ್ಕ, ಊಟದ್ದು ಮೊದಲು. ಬುಕ್ ಮಾಡುವಾಗಲೇ ಮೇಲ್ ಹಾಕಿ: ಮಾಂಸ, ಮೀನು, ಮೊಟ್ಟೆ ಇಲ್ಲ, ಹಾಲು, ಬೆಣ್ಣೆ, ಚೀಸ್ ಆಗುತ್ತದೆ. ಬರೀ ಸಸ್ಯಾಹಾರ ಅಂದರೆ ಮೊಟ್ಟೆ ಬಂದೇ ಬರುತ್ತದೆ. ಪಾಲಕ್ ತುಂಬಿದ ಅರ್ಧಚಂದ್ರದ ಪಾಸ್ತಾ ಅಲ್ಲಿ ಪ್ರಸಿದ್ಧ, ಆದರೆ ಅದರ ಹಿಟ್ಟಿಗೂ ಮೊಟ್ಟೆ ಹಾಕುತ್ತಾರೆ. ಕ್ನೋಡೆಲ್ ಅನ್ನುವ ಬ್ರೆಡ್ ಉಂಡೆಗೂ ಮೊಟ್ಟೆ, ಕೆಲವಕ್ಕೆ ಹಂದಿಮಾಂಸ. ಮುಂಚೆ ಹೇಳಿದರೆ ಅಡುಗೆಯವರು ಬೇರೆ ಮಾಡಿಕೊಡುತ್ತಾರೆ, ಆಲೂಗಡ್ಡೆ, ತರಕಾರಿ, ಪೊಲೆಂಟಾ ಅನ್ನುವ ಮೆಕ್ಕೆಜೋಳದ ಗಂಜಿ ಎಲ್ಲ ಇರುತ್ತದೆ. ಆ ದಿನ ಸಂಜೆ ಹೇಳಿದರೆ ಸಲಾಡ್ ಮಾತ್ರ ಸಿಗುತ್ತದೆ.

ಇನ್ನೊಂದು, ಮುಜುಗರ ಬೇಡ ಅಂತ ಮೊದಲೇ ಹೇಳುತ್ತೇನೆ. ಜರ್ಮನ್ ಮಾತಾಡುವ ಕಡೆ ಸೌನಾದೊಳಗೆ, ಅಂದರೆ ಬೆವರಿಳಿಸುವ ಬಿಸಿ ಕೋಣೆಯೊಳಗೆ, ಈಜುಡುಗೆ ಹಾಕುವುದಿಲ್ಲ, ಗಂಡಸರು ಹೆಂಗಸರು ಒಟ್ಟಿಗೇ ಇರುತ್ತಾರೆ. ಈಜುಕೊಳದಲ್ಲಿ ಈಜುಡುಗೆ ಇರಲೇಬೇಕು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಮೊದಲು ಯಾವ ಬಾಗಿಲು ಯಾವುದಕ್ಕೆ ಅಂತ ರಿಸೆಪ್ಶನ್‌ನಲ್ಲಿ ಕೇಳಿಕೊಳ್ಳಿ. ನಿಮ್ಮ ಜೊತೆ ಮಕ್ಕಳಿದ್ದರೆ ಹೋಟೆಲು ದೊಡ್ಡವರಿಗೆ ಮಾತ್ರವಾ ಅಂತಲೂ ನೋಡಿ. ಈಚೆಗೆ ಅಂಥವು ಜಾಸ್ತಿಯಾಗಿವೆ.

ಲಾರ್ಚ್‌ಮರ, ಇನ್ಸ್‌ಬ್ರುಕ್

ಸೌತ್ ಟಿರೋಲ್‌ನಲ್ಲಿ ಅನೇಕ ಹೋಟೆಲುಗಳು ಅತಿಥಿಗಳಿಗೆ ಗೆಸ್ಟ್ ಪಾಸ್ ಕೊಡುತ್ತವೆ. ಅದಿದ್ದರೆ ಪ್ರಾಂತ್ಯದೊಳಗಿನ ಬಸ್ಸು, ಲೋಕಲ್ ರೈಲು ಉಚಿತ. ನಿಮ್ಮ ಹೋಟೆಲಿನಲ್ಲಿ ಇದೆಯಾ ಕೇಳಿ. ಕಾರು ಸ್ಟುಟ್‌ಗಾರ್ಟ್‌ನಲ್ಲೇ ಬಿಟ್ಟು ಬನ್ನಿ.

ಕಲ್ಲುಚಪ್ಪಡಿ, ಮ್ಯೂನಿಕ್

ವಾಲ್ಸ್‌ಗೆ ಕೂರ್ ಊರಿನಿಂದ ಕೆಂಪು ಬಣ್ಣದ ರೇಟಿಯನ್ ರೈಲು ಹಿಡಿದು ಇಲಾಂಟ್ಸ್ ಅನ್ನುವಲ್ಲಿ ಇಳಿಯಿರಿ. ಅಲ್ಲಿಂದ ಹಳದಿ ಪೋಸ್ಟ್ ಬಸ್ಸು ಕಣಿವೆಯೊಳಗೆ ಹೋಗುತ್ತದೆ. ಹೋಟೆಲಿನಲ್ಲಿ ಉಳಿಯದಿದ್ದರೆ ಸ್ನಾನಗೃಹಕ್ಕೆ ಜಾಗವನ್ನು ಮೊದಲೇ ಕಾಯ್ದಿರಿಸಬೇಕು, ಹೋಟೆಲಿನವರಿಗೆ ಆದ್ಯತೆ. ನೀವು ಜೂನ್ ಅಂದಿರಿ, ಸೀಸನ್ ಶುರುವಾಗುವ ಹೊತ್ತು ಅದು, ತೆರೆದಿರುವ ದಿನಾಂಕ ಖಚಿತ ಮಾಡಿಕೊಂಡೇ ರೈಲು ಟಿಕೆಟ್ ತೆಗೆಯಿರಿ. ಅಪ್ಪನಿಗೆ ಹೇಳಿ, ಒಳಗೆ ಮೆಟ್ಟಿಲುಗಳಿವೆ, ಕಲ್ಲು ಒದ್ದೆಯಾಗಿರುತ್ತದೆ, ಕೈಹಿಡಿ ಹಿಡಿದೇ ಇಳಿಯಲಿ.

ಬೆಣ್ಣೆದೋಸೆ, ಸ್ಟುಟ್‌ಗಾರ್ಟ್

ಎಲ್ಲರಿಗೂ ಧನ್ಯವಾದ. ಹೋಟೆಲಿಗೆ ಮೇಲ್ ಹಾಕಿದೆ. ಊಟದ ಜೊತೆಗೆ, ಬಯಲಿನ ಕೊಳ ಇದ್ದರೆ ರಾತ್ರಿ ಮುಚ್ಚುತ್ತೀರಾ ಅಂತಲೂ ಕೇಳಿದ್ದೇನೆ. ಉತ್ತರ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.